ದೂರವಾಣಿಯ ತಿರುಳು ಮತ್ತು ಮರಳುವ ಹಾದಿ

ಗಟ್ಟಿಯಾದ ಓಟೆಯನ್ನು ಒಡೆದಾಗ ಒಳಗೆ ದೊರೆಯುವ ಬೀಜಭಾಗವನ್ನು ಕನ್ನಡಿಗರು ತಿರುಳು ಎನ್ನುತ್ತಾರೆ. ಮಾತಿನ ಸಾರಕ್ಕೂ ಅದೇ ಹೆಸರು. ಇಂಗ್ಲಿಷಿನಲ್ಲಿ ಈ ಎರಡು ಅರ್ಥಗಳನ್ನೂ ಹೊತ್ತ ಶಬ್ದ ಕರ್ನಲ್. ಗಣಕಶಾಸ್ತ್ರಜ್ಞರು ಯಂತ್ರದ ಅಂತರಂಗದಲ್ಲಿ ಕುಳಿತು ಉಳಿದೆಲ್ಲವನ್ನೂ ನಡೆಸುವ ಕ್ರಮವಿಧಿಗೆ ಈ ಶಬ್ದವನ್ನೇ ಹೆಸರಾಗಿಟ್ಟರು. ಇಂದು ಮನೆಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿಯೂ ಇಂತಹ ತಿರುಳೊಂದಿದೆ. ತಯಾರಕರು ಕೊಟ್ಟ ತಿರುಳನ್ನು ಹಾಗೆಯೇ ಇರಿಸಿಕೊಳ್ಳುವವರು ಬಹುಮಂದಿ. ಅದನ್ನು ತೆಗೆದು, ತಮಗೆ ಬೇಕಾದಂತೆ ಸಿದ್ಧಪಡಿಸಿದ ಬೇರೊಂದನ್ನು ಕೂರಿಸುವವರು ಕೆಲಮಂದಿ. ಹಾಗೆ ಕೂರಿಸಿದ ಮರುಗಳಿಗೆಯಲ್ಲಿ ಫೋನು ಏಳದೆ ನಿಂತುಬಿಟ್ಟಾಗ ಏನು ಮಾಡಬೇಕೆಂದು ಬಲ್ಲವರು ಇನ್ನೂ ಕೆಲವರು.

೨೦೨೦ ಮತ್ತು ೨೦೨೧ನೆಯ ವರ್ಷಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿದ್ದಾಗ ಪಾಠವು ಫೋನಿನ ಮೂಲಕವೇ ಮಕ್ಕಳ ಮನೆಗೆ ಬಂದುದು ಎಲ್ಲರಿಗೂ ನೆನಪಿರುವ ಸಂಗತಿ. ಅಂದು ತಂದೆತಾಯಿಗಳು ಕಷ್ಟಪಟ್ಟು ಕೊಂಡ ಫೋನುಗಳಲ್ಲಿ ಹಲವು ತಯಾರಕರ ಪೋಷಣೆಯ ಅವಧಿ ಮುಗಿದು ಕಪಾಟನ್ನು ಸೇರಿವೆ. ಅವುಗಳಿಗೆ ಹೊಸ ತಿರುಳನ್ನಿತ್ತು ಮತ್ತೆ ಕೆಲಸಕ್ಕೆ ಹಚ್ಚಬಹುದೇ ಎಂಬುದು ತಂತ್ರಜ್ಞಾನ ಬಲ್ಲ ಹಳೆಯ ವಿದ್ಯಾರ್ಥಿಗಳಿಗೂ ಪ್ರಯೋಗಶಾಲೆಯನ್ನು ನೋಡಿಕೊಳ್ಳುವ ಉಪಾಧ್ಯಾಯರಿಗೂ ಸಹಜವಾಗಿ ಬರುವ ಪ್ರಶ್ನೆ. ಬಹುದು ಎಂಬುದೇ ಉತ್ತರ. ಆದರೆ ಆ ಉತ್ತರಕ್ಕೆ ಎರಡು ಕಟ್ಟಳೆಗಳಿವೆ. ಮುಂದಡಿಯಿಡುವ ಮೊದಲು ಮರಳುವ ಹಾದಿಯನ್ನು ಸಿದ್ಧಮಾಡಿಕೊಳ್ಳಬೇಕು ಎಂಬುದು ಮೊದಲನೆಯದು. ಫೋನು ಏಳುವಾಗ ಎಲ್ಲಿ ನಿಂತಿತೋ ಅಲ್ಲಿಯೇ ದೋಷವನ್ನು ಹುಡುಕಬೇಕು ಎಂಬುದು ಎರಡನೆಯದು. ಈ ಎರಡನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ತಿರುಳಿನ ಕಾರ್ಯ

ಗಾಜಿನ ಮೇಲೆ ಬೆರಳಿಟ್ಟಾಗ ಆ ಸ್ಪರ್ಶವನ್ನು ಅರಿಯುವುದು, ಸ್ಮರಣಕೋಶದಲ್ಲಿ ಯಾವ ಕಾರ್ಯಕ್ಕೆ ಎಷ್ಟು ಸ್ಥಳವೆಂದು ಹಂಚುವುದು, ಹತ್ತಾರು ಕೆಲಸಗಳು ಒಂದೇ ವೇಳೆ ಪ್ರೊಸೆಸರನ್ನು ಬೇಡಿದಾಗ ಸರದಿಯನ್ನು ಗೊತ್ತುಪಡಿಸುವುದು, ಕಡತಗಳನ್ನು ಬರೆಯುವುದು ಮತ್ತು ಓದುವುದು, ಇವೆಲ್ಲವೂ ಕರ್ನಲ್‌ನ ಕಾರ್ಯಗಳು. ಬಳಕೆದಾರನು ಕಾಣುವ ಚಿತ್ರ, ಅಕ್ಷರ, ಸದ್ದುಗಳಲ್ಲಿ ಅದು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ; ಆದರೆ ಅದಿಲ್ಲದೆ ಇವುಗಳಲ್ಲಿ ಒಂದೂ ನಡೆಯದು.

ಆಂಡ್ರಾಯ್ಡ್ ಫೋನಿನೊಳಗಿನ ಕರ್ನಲ್ ಲೀನಕ್ಸ್ ವಂಶದ್ದು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಎಂಬ ತರುಣನು ೧೯೯೧ರಲ್ಲಿ ಇದನ್ನು ಆರಂಭಿಸಿದನು. ೧೯೯೨ರಲ್ಲಿ ಇದು ಗ್ನೂ ಸಾರ್ವಜನಿಕ ಪರವಾನಗಿಯ ಅಡಿಗೆ ಬಂದಿತು. ಈ ಪರವಾನಗಿಯಂತೆ ಕರ್ನಲ್ಲನ್ನು ತನ್ನ ಯಂತ್ರದಲ್ಲಿ ಸೇರಿಸಿ ಮಾರುವವನು ಅದರ ಮೂಲಪಾಠವನ್ನು, ತಾನು ಮಾಡಿದ ತಿದ್ದುಪಡಿಗಳ ಸಹಿತವಾಗಿ, ಕೇಳಿದವರಿಗೆ ಒದಗಿಸಬೇಕು. ಪಡೆದವನು ಅದನ್ನು ಓದಬಹುದು, ತಿದ್ದಬಹುದು, ತಿದ್ದಿದುದನ್ನು ಅದೇ ನಿಯಮದಂತೆ ಹಂಚಬಹುದು. ಕರ್ನಲ್ ಬದಲಾವಣೆಯೆಂಬ ವಿದ್ಯೆಯು ನಿಂತಿರುವುದು ಈ ಅಧಿಕಾರದ ಮೇಲೆ. ಆದ್ದರಿಂದ ಇದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ.

ಆಂಡ್ರಾಯ್ಡ್ ಎಂಬ ಹೆಸರಿನಲ್ಲಿಯೂ ಶಬ್ದಪ್ರಿಯರಿಗೆ ಸ್ವಾರಸ್ಯವಿದೆ. ಗ್ರೀಕ್ ಭಾಷೆಯ ಆನೇರ್ ಎಂದರೆ ಪುರುಷ. ಅದು ಸಂಸ್ಕೃತದ ನೃ, ನರ ಶಬ್ದಗಳ ಸಗೋತ್ರ. ಆಂಡ್ರಾಯ್ಡ್ ಎಂದರೆ ನರಾಕಾರದ್ದು. ೨೦೦೩ರಲ್ಲಿ ಅಮೆರಿಕದಲ್ಲಿ ಈ ಹೆಸರಿನ ಸಂಸ್ಥೆಯೊಂದು ಹುಟ್ಟಿತು. ೨೦೦೫ರಲ್ಲಿ ಗೂಗಲ್ ಅದನ್ನು ಕೊಂಡಿತು. ಈ ವ್ಯವಸ್ಥೆಯುಳ್ಳ ಮೊದಲ ಫೋನಾದ ಎಚ್‌ಟಿಸಿ ಡ್ರೀಮ್ ೨೦೦೮ರಲ್ಲಿ ಮಾರುಕಟ್ಟೆಗೆ ಬಂದಿತು.

ಬದಲಾವಣೆಯ ಪ್ರಯೋಜನ

ನಡೆಯುತ್ತಿರುವ ಯಂತ್ರದ ತಿರುಳನ್ನು ಏಕೆ ಮುಟ್ಟಬೇಕು ಎಂಬ ಆಕ್ಷೇಪಣೆ ಸಹಜವಾದುದೇ. ಅದಕ್ಕೆ ಒಂದು ನಿದರ್ಶನವೇ ಸಾಕು. ೨೦೧೬ರ ಅಕ್ಟೋಬರಿನಲ್ಲಿ ಲೀನಕ್ಸ್ ಕರ್ನಲ್‌ನ ಒಂದು ದೋಷವು ಬಯಲಾಯಿತು. ಅದಕ್ಕೆ ಡರ್ಟಿ ಕೌ ಎಂದು ಹೆಸರಿಟ್ಟರು. ಇಲ್ಲಿಯ ಕೌ ಹಸುವಲ್ಲ. ಬರೆಯುವ ಹೊತ್ತಿಗೆ ಪ್ರತಿ ತೆಗೆದುಕೊಳ್ಳುವ ಒಂದು ಕ್ರಮದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಕೂಟ. ೨೦೦೭ರಿಂದಲೂ ಅಡಗಿದ್ದ ಈ ದೋಷದ ಮೂಲಕ ಸಾಮಾನ್ಯ ಕ್ರಮವಿಧಿಯೊಂದು ಯಂತ್ರದ ಸರ್ವಾಧಿಕಾರವನ್ನೇ ಕಸಿದುಕೊಳ್ಳಬಹುದಾಗಿತ್ತು. ತಿದ್ದುಪಡಿ ಆ ತಿಂಗಳಲ್ಲಿಯೇ ಹೊರಬಂದಿತು. ಆದರೆ ತಯಾರಕರು ಕೈಬಿಟ್ಟ ಹಳೆಯ ಫೋನುಗಳಿಗೆ ಆ ತಿದ್ದುಪಡಿಯನ್ನು ತಲುಪಿಸುವವರು ಯಾರು? ಮೂಲಪಾಠವನ್ನು ಪಡೆದು, ತಾವೇ ತಿದ್ದಿ, ತಾವೇ ಕೂರಿಸಿಕೊಂಡವರಿಗೆ ಮಾತ್ರ ಅದು ದಕ್ಕಿತು.

ಬ್ಯಾಟರಿ ಹೆಚ್ಚು ಹೊತ್ತು ಬಾಳುವಂತೆ ಪ್ರೊಸೆಸರಿನ ವೇಗವನ್ನು ನಿಯಮಿಸುವುದು, ತಯಾರಕರು ಸೇರಿಸದ ಸೌಲಭ್ಯವನ್ನು ಸೇರಿಸುವುದು, ವಿದ್ಯಾರ್ಥಿಗೆ ಯಂತ್ರದ ಒಳಮರ್ಮವನ್ನು ಪ್ರತ್ಯಕ್ಷವಾಗಿ ತೋರಿಸುವುದು, ಇವು ಉಳಿದ ಪ್ರಯೋಜನಗಳು. ಮಿತಿಗಳನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಫೋನಿನ ಕೆಲವು ಭಾಗಗಳಿಗೆ ಬೇಕಾದ ಗುಪ್ತ ಕ್ರಮವಿಧಿಗಳನ್ನು ತಯಾರಕರು ಬಿಟ್ಟುಕೊಡುವುದಿಲ್ಲವಾದ್ದರಿಂದ ಹೊಸ ಕರ್ನಲ್ ಒಂದರಿಂದಲೇ ಹಳೆಯ ಫೋನು ಸಂಪೂರ್ಣವಾಗಿ ಹೊಸದಾಗಲಾರದು. ಬೀಗ ತೆರೆದ ಫೋನಿನಲ್ಲಿ ಬ್ಯಾಂಕು ಮತ್ತು ಹಣ ಪಾವತಿಯ ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸುವುದುಂಟು. ಆದ್ದರಿಂದ ಮನೆಯ ವ್ಯವಹಾರವೆಲ್ಲ ನಡೆಯುವ ಒಂದೇ ಒಂದು ಫೋನಿನ ಮೇಲೆ ಈ ಪ್ರಯೋಗವನ್ನು ಮಾಡತಕ್ಕದ್ದಲ್ಲ. ಬದಿಗಿರಿಸಿದ ಫೋನೇ ಇದಕ್ಕೆ ಯೋಗ್ಯವಾದುದು.

ಫೋನು ಏಳುವ ಕ್ರಮ

ಫೋನು ಚಾಲೂ ಆಗುವುದಕ್ಕೆ ಬೂಟ್ ಆಗುವುದು ಎಂದು ರೂಢಿ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನಾಣ್ಣುಡಿಯಿಂದ ಈ ಮಾತು ಬಂದಿತು. ಮಲಗಿದ ಯಂತ್ರವು ತನ್ನನ್ನು ತಾನೇ ಎಬ್ಬಿಸಿಕೊಳ್ಳಬೇಕಾದ್ದರಿಂದ ಹೆಸರು ಅನ್ವರ್ಥವಾಗಿದೆ. ಒಮ್ಮೆಗೇ ಏಳುವುದು ಸಾಧ್ಯವಿಲ್ಲದ ಕಾರಣ ಅದು ಮೆಟ್ಟಲು ಮೆಟ್ಟಲಾಗಿ ಏಳುತ್ತದೆ. ಶಾಲೆಯೊಂದರ ಬೆಳಗಿನ ದಿನಚರಿಯನ್ನು ನೆನೆದರೆ ಈ ಕ್ರಮವು ಸುಲಭವಾಗಿ ಮನಸ್ಸಿಗೆ ಬರುತ್ತದೆ.

ಎಲ್ಲರಿಗಿಂತ ಮೊದಲು ಕಾವಲುಗಾರನು ಹೊರಗಿನ ದೊಡ್ಡ ಬಾಗಿಲನ್ನು ತೆರೆಯುತ್ತಾನೆ. ಫೋನಿನಲ್ಲಿ ಈ ಕೆಲಸವು ಬೂಟ್ ರಾಮ್ ಎಂಬುದರದು. ಅದು ಚಿಪ್ಪಿನೊಳಗೆ ಕಾರ್ಖಾನೆಯಲ್ಲಿಯೇ ಕೆತ್ತಿದ ಕ್ರಮವಿಧಿ. ಅದನ್ನು ಯಾರೂ ಬದಲಿಸಲಾರರು. ಅನಂತರ ಜವಾನನು ಬೀಗದಕೈ ಗೊಂಚಲನ್ನು ಹಿಡಿದು ಬಂದು, ಕಚೇರಿಯ ಬಾಗಿಲಿನ ಮುದ್ರೆ ಸರಿಯಾಗಿದೆಯೇ ಎಂದು ನೋಡಿ ಒಳಗೆ ಬಿಡುತ್ತಾನೆ. ಇದು ಬೂಟ್‌ಲೋಡರ್. ಮೂರನೆಯದಾಗಿ ಮುಖ್ಯೋಪಾಧ್ಯಾಯರು ಬಂದು ಕುಳಿತು ಶಾಲೆಯ ಆಡಳಿತವನ್ನು ವಹಿಸಿಕೊಳ್ಳುತ್ತಾರೆ. ಇದೇ ಕರ್ನಲ್. ಅವರ ಕೈಯಲ್ಲಿ ಎರಡು ಪುಸ್ತಕಗಳಿರುತ್ತವೆ. ಒಂದು, ಕಟ್ಟಡದಲ್ಲಿ ಯಾವ ಕೋಣೆ ಎಲ್ಲಿದೆ, ಯಾವ ಸಾಮಾನು ಎಲ್ಲಿದೆ ಎಂದು ತಿಳಿಸುವ ಡೆಡ್ ಸ್ಟಾಕ್ ರಿಜಿಸ್ಟರು; ಫೋನಿನಲ್ಲಿ ಇದಕ್ಕೆ ಡಿವೈಸ್ ಟ್ರೀ ಎಂದು ಹೆಸರು. ಇನ್ನೊಂದು, ಬೆಳಗಿನ ಮೊದಲ ಕೆಲಸಗಳ ಪಟ್ಟಿ, ಇದು ರಾಮ್‌ಡಿಸ್ಕ್.

ಕರ್ನಲ್ ಮೊತ್ತಮೊದಲು ಎಬ್ಬಿಸುವ ಕ್ರಮವಿಧಿ ಇನಿಟ್. ಅದು ಸಂಗ್ರಹದ ವಿಭಾಗಗಳನ್ನು ತೆರೆದು ಸೇವೆಗಳನ್ನು ಒಂದೊಂದಾಗಿ ಆರಂಭಿಸುತ್ತದೆ. ಅವುಗಳಲ್ಲಿ ಝೈಗೋಟ್ ಎಂಬುದು ಮುಖ್ಯವಾದುದು. ಜೀವಶಾಸ್ತ್ರದ ಪುಸ್ತಕಗಳಲ್ಲಿ ಯುಗ್ಮಜವೆಂದು ಕರೆಯುವ ಮೂಲಕೋಶದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಏಕೆಂದರೆ ಫೋನಿನ ಆ್ಯಪ್‌ಗಳೆಲ್ಲವೂ ಇದರಿಂದಲೇ ಕವಲೊಡೆಯುತ್ತವೆ. ಬಳಿಕ ಸಿಸ್ಟಂ ಸರ್ವರ್ ಎದ್ದು, ಕಡೆಗೆ ಪರಿಚಿತವಾದ ಮುಖಪರದೆ ಕಾಣಿಸುತ್ತದೆ. ಪ್ರಾರ್ಥನೆ ಮುಗಿದು ತರಗತಿಗಳು ಆರಂಭವಾದಂತೆ.

ಹತ್ತೂವರೆಯಾದರೂ ಪ್ರಾರ್ಥನೆಯ ಗಂಟೆ ಬಾರಿಸಲಿಲ್ಲವೆಂದರೆ ಬಲ್ಲವರು ಗಂಟೆಯನ್ನು ಬಿಚ್ಚಿ ನೋಡುವುದಿಲ್ಲ. ಹೊರಬಾಗಿಲು ತೆರೆದಿದೆಯೇ, ಕಚೇರಿ ತೆರೆದಿದೆಯೇ, ಮುಖ್ಯೋಪಾಧ್ಯಾಯರು ಬಂದಿದ್ದಾರೆಯೇ ಎಂದು ಕ್ರಮವಾಗಿ ನೋಡುತ್ತಾರೆ. ಫೋನಿನ ನಿದಾನವೂ ಇದೇ ಕ್ರಮದ್ದು.

ಬೀಗ ಮತ್ತು ಮುದ್ರೆ

ಬೂಟ್‌ಲೋಡರ್ ಪರೀಕ್ಷಿಸುವ ಮುದ್ರೆಯ ವಿಷಯವನ್ನು ತುಸು ವಿವರವಾಗಿ ತಿಳಿಯಬೇಕು. ೨೦೧೭ರಲ್ಲಿ ಬಂದ ಆಂಡ್ರಾಯ್ಡ್ ೮ರ ಜೊತೆಗೆ ಆಂಡ್ರಾಯ್ಡ್ ವೆರಿಫೈಡ್ ಬೂಟ್ ಎಂಬ ವ್ಯವಸ್ಥೆಯ ಎರಡನೆಯ ಆವೃತ್ತಿಯು ಬಳಕೆಗೆ ಬಂದಿತು. ಇದರಲ್ಲಿ ವಿಬಿಮೆಟಾ ಎಂಬ ಚಿಕ್ಕ ವಿಭಾಗವೊಂದಿದೆ. ಕರ್ನಲ್ ಇರುವ ಬೂಟ್ ವಿಭಾಗ ಮೊದಲಾದವುಗಳ ಗಣಿತಮುದ್ರೆಗಳು ಅದರಲ್ಲಿ ಬರೆದಿರುತ್ತವೆ. ಅದಕ್ಕೆ ತಯಾರಕರ ಸಹಿಯೂ ಇರುತ್ತದೆ. ಬೀಗ ಹಾಕಿದ ಫೋನಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಮುದ್ರೆ ಹೊಂದದೆ ಬೂಟ್‌ಲೋಡರ್ ಮುಂದಕ್ಕೆ ಬಿಡದು. ಬೀಗ ತೆರೆದ ಫೋನು ಏಳುವಾಗ ಕಿತ್ತಳೆ ಬಣ್ಣದ ಎಚ್ಚರಿಕೆಯನ್ನು ತೋರಿಸಿ ಮುನ್ನಡೆಯುತ್ತದೆ. ಕೆಂಪು ಎಚ್ಚರಿಕೆ ಬಂದರೆ ಮುಂದೆ ಹಾದಿಯಿಲ್ಲ.

ಬೀಗ ತೆರೆದೊಡನೆ ಫೋನಿನಲ್ಲಿರುವ ಚಿತ್ರ, ಸಂದೇಶ, ಲೆಕ್ಕಪತ್ರಗಳೆಲ್ಲವೂ ಅಳಿಸಿಹೋಗುತ್ತವೆ. ಇದು ದೋಷವಲ್ಲ, ಉದ್ದೇಶಪೂರ್ವಕವಾಗಿ ಮಾಡಿದ ಏರ್ಪಾಡು. ಕಳ್ಳನೊಬ್ಬನು ಫೋನನ್ನು ಕದ್ದು, ಬೀಗ ತೆರೆದು, ತನ್ನ ಕರ್ನಲ್ಲನ್ನು ಕೂರಿಸಿ ಮಾಲೀಕನ ಗುಟ್ಟುಗಳನ್ನು ಓದಬಾರದೆಂಬುದೇ ಇದರ ಹಿಂದಿನ ವಿವೇಕ. ಆದರೆ ಇದನ್ನರಿಯದ ಮಾಲೀಕನಿಗೆ ಕಳೆದುಹೋದ ತಂದೆತಾಯಿಗಳ ಭಾವಚಿತ್ರವೂ ಅಷ್ಟೇ ಸಲೀಸಾಗಿ ಅಳಿಸಿಹೋಗುತ್ತದೆ. ಸಂಗ್ರಹವು ಗೂಢಲಿಪಿಯಲ್ಲಿರುವುದರಿಂದ ಅಳಿಸಿದುದನ್ನು ಯಾವ ಅಂಗಡಿಯವನೂ ಮರಳಿ ತೆಗೆದುಕೊಡಲಾರನು.

ಕೂರಿಸುವ ವಿಧಾನ

ಫೋನಿನಿಂದ ಫೋನಿಗೆ ವಿಧಾನವು ಭಿನ್ನವಾಗುತ್ತದೆ. ತಯಾರಕರ ಮೂಲ ಕಡತಗಳು ಬಹಿರಂಗವಾಗಿ ದೊರೆಯುವ ಗೂಗಲ್ ಪಿಕ್ಸೆಲ್ ೬ ಎಂಬ ಫೋನನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಇದು ೨೦೨೧ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ೧೨ರೊಡನೆ, ೫.೧೦ ಸಂಖ್ಯೆಯ ಕರ್ನಲ್‌ನೊಡನೆ ಹೊರಬಂದಿತು. ಅದಕ್ಕೆ ಮುಂಚೆ ಒಂದೊಂದು ಫೋನಿಗೂ ಕರ್ನಲ್ ಬೇರೆ ಬೇರೆಯಾಗಿ ಕವಲೊಡೆದು ಬೆಳೆಯುತ್ತಿತ್ತು. ಆ ವರ್ಷದಿಂದ ಗೂಗಲ್ ಎಲ್ಲರಿಗೂ ಸಾಮಾನ್ಯವಾದ ನಡುತಿರುಳನ್ನು ಬೇರೆಯಾಗಿಯೂ, ಆಯಾ ಫೋನಿಗೆ ವಿಶಿಷ್ಟವಾದ ಮಾಡ್ಯೂಲ್‌ಗಳನ್ನು ಬೇರೆಯಾಗಿಯೂ ಇರಿಸುವ ಕ್ರಮವನ್ನು ತಂದಿತು. ಧಾತುವೊಂದು, ಪ್ರತ್ಯಯಗಳು ಬೇರೆ ಎಂಬಂತೆ. ಧಾತುವಿಗೂ ಪ್ರತ್ಯಯಕ್ಕೂ ಸಂಧಿ ಹೊಂದದಿದ್ದರೆ ಪದವು ಕೆಡುತ್ತದೆ; ಇಲ್ಲಿ ಫೋನು ಕೆಡುತ್ತದೆ.

ಮೊದಲ ಕೆಲಸ, ಫೋನಿನಲ್ಲಿರುವ ಸರ್ವಸ್ವವನ್ನೂ ಗಣಕಕ್ಕೆ ನಕಲು ಮಾಡಿಕೊಳ್ಳುವುದು. ನಕಲಾಯಿತೆಂದರೆ ಸಾಲದು, ನಾಲ್ಕಾರು ಕಡತಗಳನ್ನು ತೆರೆದು ಅವು ಸರಿಯಾಗಿವೆಯೆಂದು ಕಣ್ಣಾರೆ ನೋಡಬೇಕು.

ಎರಡನೆಯದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ತೋರುವ ಬಿಲ್ಡ್ ಸಂಖ್ಯೆಯನ್ನು ತಪ್ಪಿಲ್ಲದೆ ಬರೆದುಕೊಂಡು, ಅದೇ ಸಂಖ್ಯೆಯ ಮೂಲ ಫ್ಯಾಕ್ಟರಿ ಇಮೇಜನ್ನು ತಂದಿರಿಸಿಕೊಳ್ಳುವುದು. ಪಿಕ್ಸೆಲ್ ೬ಕ್ಕೆ ಓರಿಯೋಲ್ ಎಂಬ ಸಂಕೇತನಾಮವಿದೆ. ಅದರ ಅಣ್ಣನಾದ ೬ ಪ್ರೊ ಫೋನಿನದು ರೇವನ್. ಒಂದರ ಕಡತವನ್ನು ಇನ್ನೊಂದಕ್ಕೆ ಹಾಕಬಾರದು. ಕಡತವು ದಾರಿಯಲ್ಲಿ ಕೆಟ್ಟಿಲ್ಲವೆಂಬುದನ್ನು ಅದರೊಡನೆ ಪ್ರಕಟವಾಗಿರುವ ಗಣಿತಮುದ್ರೆಯೊಡನೆ ಹೋಲಿಸಿ ಖಚಿತಪಡಿಸಿಕೊಳ್ಳಬೇಕು. ಈ ಮೂಲ ಕಡತವೇ ಮರಳುವ ಹಾದಿ. ಇದು ಕೈಯಲ್ಲಿಲ್ಲದೆ ಮುಂದಿನ ಹೆಜ್ಜೆಯನ್ನಿಡುವುದು ಹಗ್ಗವಿಲ್ಲದೆ ಬಾವಿಗಿಳಿದಂತೆ.

ಮೂರನೆಯದು, ಬಿಲ್ಡ್ ಸಂಖ್ಯೆಯ ಮೇಲೆ ಏಳು ಬಾರಿ ಬೆರಳೊತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಓಇಎಂ ಅನ್‌ಲಾಕಿಂಗ್ ಎಂಬುದಕ್ಕೆ ಅನುಮತಿ ಕೊಡುವುದು. ಅನಂತರ ಫೋನನ್ನು ಆರಿಸಿ, ಧ್ವನಿ ತಗ್ಗಿಸುವ ಗುಂಡಿಯನ್ನೂ ಪವರ್ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಫಾಸ್ಟ್‌ಬೂಟ್ ಸ್ಥಿತಿ ದೊರೆಯುತ್ತದೆ. ಕೇಬಲ್ಲಿನ ಮೂಲಕ ಗಣಕದಿಂದ ‘ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್’ ಎಂಬ ಆಜ್ಞೆಯನ್ನು ಕೊಟ್ಟು, ಫೋನಿನ ಗುಂಡಿಯಿಂದಲೇ ಅದಕ್ಕೆ ಒಪ್ಪಿಗೆಯಿತ್ತಾಗ ಬೀಗ ತೆರೆಯುತ್ತದೆ, ಸಂಗ್ರಹವೂ ಬರಿದಾಗುತ್ತದೆ. ಮುದ್ರೆಯ ಪರೀಕ್ಷೆಯನ್ನು ನಿಲ್ಲಿಸುವ ಅಗತ್ಯವಿದ್ದರೆ ಫೋನು ಬರಿದಾಗಿರುವ ಈ ಹೊತ್ತಿನಲ್ಲಿಯೇ ನಿಲ್ಲಿಸುವುದು ಮೇಲು. ತಡವಾಗಿ ಮಾಡಿದರೆ ಮತ್ತೊಮ್ಮೆ ಅಳಿಸಬೇಕಾಗಿ ಬರಬಹುದು. ಫೋನು ಮತ್ತೆ ಎದ್ದ ಮೇಲೆ ಯುಎಸ್‌ಬಿ ಡೀಬಗಿಂಗನ್ನು ತೆರೆದು, ಈ ಗಣಕವು ನಂಬಿಕಸ್ಥವೆಂದು ಒಪ್ಪಿಗೆ ಕೊಟ್ಟಿರಬೇಕು. ಆಪತ್ಕಾಲದಲ್ಲಿ ಫೋನಿನ ಒಳಮಾತನ್ನು ಕೇಳಲು ಈ ಒಪ್ಪಿಗೆಯೇ ಕಿವಿ.

ನಾಲ್ಕನೆಯದು ಪ್ರಯೋಗದ ಹೆಜ್ಜೆ. ಹೊಸ ಬೂಟ್ ಇಮೇಜನ್ನು ಶಾಶ್ವತವಾಗಿ ಬರೆಯುವ ಮುಂಚೆ, ಅವಕಾಶವಿರುವ ಫೋನುಗಳಲ್ಲಿ, ‘ಫಾಸ್ಟ್‌ಬೂಟ್ ಬೂಟ್’ ಎಂಬ ಆಜ್ಞೆಯಿಂದ ಅದನ್ನು ಒಮ್ಮೆ ಮಾತ್ರ ಎಬ್ಬಿಸಿ ನೋಡಬಹುದು. ಆಗ ಕರ್ನಲ್ ಸ್ಮರಣಕೋಶದಲ್ಲಿ ಮಾತ್ರ ನಿಲ್ಲುತ್ತದೆ. ಫೋನನ್ನು ಆರಿಸಿ ಹೊತ್ತಿಸಿದರೆ ಹಳೆಯದೇ ಬರುತ್ತದೆ. ಸ್ಲೇಟಿನ ಮೇಲೆ ಬರೆದು ನೋಡಿದ ಮೇಲೆ ಪುಸ್ತಕದಲ್ಲಿ ಬರೆದಂತೆ.

ಕಡೆಯದು, ಬರೆಯುವುದು. ಪಿಕ್ಸೆಲ್ ೬ರಲ್ಲಿ ಪೂರ್ಣವಾಗಿ ಹೊಸದಾಗಿ ಕಟ್ಟಿದ ಕರ್ನಲ್ ನಾಲ್ಕು ವಿಭಾಗಗಳಲ್ಲಿ ಹಂಚಿಹೋಗಿರುತ್ತದೆ: ನಡುತಿರುಳು ಬೂಟ್‌ನಲ್ಲಿ, ಡಿವೈಸ್ ಟ್ರೀಯ ಸೇರ್ಪಡೆಗಳು ಡಿಟಿಬಿಒ ವಿಭಾಗದಲ್ಲಿ, ಮೊದಲಿಗೇ ಬೇಕಾದ ಮಾಡ್ಯೂಲ್‌ಗಳು ವೆಂಡರ್‌ಬೂಟ್‌ನಲ್ಲಿ, ಉಳಿದವು ವೆಂಡರ್ ಡಿಎಲ್‌ಕೆಎಂ ವಿಭಾಗದಲ್ಲಿ. ಕಡೆಯದನ್ನು ಬರೆಯಲು ಫಾಸ್ಟ್‌ಬೂಟ್‌ಡಿ ಎಂಬ ಇನ್ನೊಂದು ಸ್ಥಿತಿಗೆ ಹೋಗಬೇಕು. ನಾಲ್ಕೂ ಒಂದೇ ಬಾರಿಗೆ, ಒಂದೇ ಮೂಲದಿಂದ ಕಟ್ಟಿದವಾಗಿರಬೇಕು. ಮೂರನ್ನು ಬರೆದು ನಾಲ್ಕನೆಯದನ್ನು ಮರೆತವರೇ ಬಹಳ ತೊಂದರೆಗೀಡಾಗುತ್ತಾರೆ.

ಏಳದಿದ್ದಾಗ ನಿದಾನ

ಆಯುರ್ವೇದದಲ್ಲಿ ಚಿಕಿತ್ಸೆಗೆ ಮುಂಚೆ ನಿದಾನ. ಇಲ್ಲಿಯೂ ಹಾಗೆಯೇ. ಫೋನು ಏಳಲಿಲ್ಲವೆಂದು ಗಾಬರಿಗೊಂಡು ಕೈಗೆ ಸಿಕ್ಕ ಆಜ್ಞೆಗಳನ್ನೆಲ್ಲ ಕೊಡತೊಡಗಿದರೆ ಮೊದಲ ದೋಷದ ಮೇಲೆ ಮತ್ತೆ ನಾಲ್ಕು ದೋಷಗಳು ಕೂಡಿಕೊಳ್ಳುತ್ತವೆ. ಎಲ್ಲಿ ನಿಂತಿತೆಂಬುದನ್ನು ಮೊದಲು ನೋಡಬೇಕು. ಐದು ಸ್ಥಾನಗಳನ್ನು ಗುರುತಿಸಬಹುದು.

ಒಂದನೆಯದು, ಪರದೆಯಲ್ಲಿ ಬೆಳಕೇ ಇಲ್ಲದಿರುವುದು. ಕಾವಲುಗಾರನೇ ಬಾಗಿಲು ತೆರೆದಿಲ್ಲ. ಇಲ್ಲಿಯೂ ಮೊದಲು ಸಂಶಯಿಸಬೇಕಾದುದು ಬರಿದಾದ ಬ್ಯಾಟರಿಯನ್ನು. ಮತ್ತೆ ಮತ್ತೆ ಎದ್ದು ಬೀಳುವ ಫೋನು ತನ್ನ ಬ್ಯಾಟರಿಯನ್ನು ಬೇಗ ಬರಿದುಮಾಡಿಕೊಳ್ಳುತ್ತದೆ. ಸಾಕಷ್ಟು ಹೊತ್ತು ಚಾರ್ಜಿಗೆ ಹಚ್ಚಿ, ಬಳಿಕ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ನೋಡಬೇಕು. ಅದಕ್ಕೂ ಏಳದಿದ್ದರೆ ಬೂಟ್‌ಲೋಡರಿಗೇ ಪೆಟ್ಟುಬಿದ್ದಿರಬಹುದು. ಕ್ವಾಲ್‌ಕಾಂ ಚಿಪ್ಪಿನ ಫೋನುಗಳಲ್ಲಿ ಇದಕ್ಕಾಗಿ ಎಮರ್ಜೆನ್ಸಿ ಡೌನ್‌ಲೋಡ್ ಎಂಬ ಕಡೆಯ ಬಾಗಿಲೊಂದಿದೆ. ಆದರೆ ಅದರ ಬೀಗದಕೈ ಸಾಮಾನ್ಯವಾಗಿ ತಯಾರಕರ ಬಳಿ ಇರುತ್ತದೆ. ಯಾವ ಉಪಾಯಕ್ಕೂ ಏಳದ ಇಂತಹ ಫೋನನ್ನೇ ಇಟ್ಟಿಗೆ ಎಂದು ಹಾಸ್ಯವಾಗಿ ಕರೆಯುತ್ತಾರೆ. ಕರ್ನಲ್ ಒಂದನ್ನೇ ಬದಲಿಸಿದವನು ಈ ಸ್ಥಿತಿಗೆ ಬರುವುದು ವಿರಳ.

ಎರಡನೆಯದು, ಫೋನು ತಾನಾಗಿ ಫಾಸ್ಟ್‌ಬೂಟ್ ಸ್ಥಿತಿಗೆ ಬಂದು ನಿಲ್ಲುವುದು. ಜವಾನನು ಮುದ್ರೆಯನ್ನು ಒಪ್ಪಿಲ್ಲ. ಕಡತವು ಅರ್ಧ ಬರೆದುದೋ, ಬೇರೆ ಫೋನಿನದೋ, ಮುದ್ರೆ ಹೊಂದದ್ದೋ ಆಗಿರಬೇಕು. ಇದು ಹೆದರಬೇಕಾದ ಸ್ಥಿತಿಯಲ್ಲ. ಗಣಕದ ಮಾತನ್ನು ಫೋನು ಇನ್ನೂ ಕೇಳುತ್ತಿದೆಯಾದ್ದರಿಂದ ಮೂಲ ಇಮೇಜನ್ನು ಮರಳಿ ಬರೆದರೆ ತೊಂದರೆ ತೀರುತ್ತದೆ.

ಮೂರನೆಯದು, ತಯಾರಕರ ಲಾಂಛನ ಕಾಣಿಸಿಕೊಂಡು, ಕೆಲವು ಕ್ಷಣಗಳಲ್ಲಿಯೇ ಫೋನು ಆರಿ ಮತ್ತೆ ಮೊದಲಿನಿಂದ ಏಳುವುದು. ಮುಖ್ಯೋಪಾಧ್ಯಾಯರು ಬಂದರು, ಆದರೆ ಕುರ್ಚಿಯಲ್ಲಿ ಕುಳಿತೊಡನೆ ಕುಸಿದರು. ಇದಕ್ಕೆ ಕರ್ನಲ್ ಪ್ಯಾನಿಕ್ ಎಂದು ಹೆಸರು. ಡಿವೈಸ್ ಟ್ರೀ ಈ ಫೋನಿನದಲ್ಲದಿರುವುದು, ಕಟ್ಟುವಾಗ ಬೇಕಾದ ಅಂಗವನ್ನು ಬಿಟ್ಟಿರುವುದು, ಪ್ರೊಸೆಸರಿನ ವೇಗವನ್ನು ಮಿತಿಮೀರಿ ಏರಿಸಿರುವುದು ಇದಕ್ಕೆ ಕಾರಣಗಳು. ಕುಸಿದ ಕರ್ನಲ್ ತನ್ನ ಕೊನೆಯ ಮಾತುಗಳನ್ನು ಸ್ಮರಣಕೋಶದ ಒಂದು ಮೂಲೆಯಲ್ಲಿ ಬರೆದಿಟ್ಟು ಹೋಗುವ ವ್ಯವಸ್ಥೆ ಅನೇಕ ಫೋನುಗಳಲ್ಲಿದೆ. ಬ್ಯಾಟರಿ ಪೂರ್ತಿ ಆರುವ ಮುಂಚೆ ಮೂಲ ಕರ್ನಲ್ಲನ್ನು ಎಬ್ಬಿಸಿ, ಸಾಕಷ್ಟು ಅಧಿಕಾರ ಪಡೆದು ಪಿಸ್ಟೋರ್ ಎಂಬ ಕೋಶದಲ್ಲಿ ನೋಡಿದರೆ ಆ ಮಾತುಗಳು ಓದಲು ಸಿಕ್ಕುತ್ತವೆ. ಅದರ ಕೊನೆಯ ಹತ್ತಿಪ್ಪತ್ತು ಸಾಲುಗಳಲ್ಲಿ ದೋಷದ ಹೆಸರು ಬಹುಮಟ್ಟಿಗೆ ಇದ್ದೇ ಇರುತ್ತದೆ.

ನಾಲ್ಕನೆಯದು, ಏಳುವಾಗಿನ ಚಲಿಸುವ ಚಿತ್ರವು ಮುಗಿಯದೆ ಸುತ್ತುತ್ತಲೇ ಇರುವುದು. ಕರ್ನಲ್ ಎದ್ದಿದೆ, ಅದರ ಮೇಲಿನ ಸೇವೆಯೊಂದು ಬೀಳುತ್ತಿದೆ. ಡೀಬಗಿಂಗಿಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದವರು ಈ ಹೊತ್ತಿನಲ್ಲಿ ‘ಎಡಿಬಿ ಲಾಗ್‌ಕ್ಯಾಟ್’ ಎಂಬ ಆಜ್ಞೆಯಿಂದ ಯಾವ ಸೇವೆ ಬೀಳುತ್ತಿದೆಯೆಂದು ಕುಳಿತಲ್ಲಿಯೇ ಓದಬಹುದು.

ಐದನೆಯದು, ಫೋನು ಸಂಪೂರ್ಣವಾಗಿ ಎದ್ದರೂ ವೈಫೈ ಇಲ್ಲ, ಸದ್ದಿಲ್ಲ, ಬೆರಳಿನ ಸ್ಪರ್ಶ ತಿಳಿಯುವುದಿಲ್ಲ ಎಂಬ ಸ್ಥಿತಿ. ಮುಖ್ಯೋಪಾಧ್ಯಾಯರು ಹೊಸಬರು, ಉಪಾಧ್ಯಾಯರು ಹಿಂದಿನವರು, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿಲ್ಲ. ಹೊಸ ಕರ್ನಲ್ಲಿಗೆ ಹಳೆಯ ಮಾಡ್ಯೂಲ್‌ಗಳು ಹೊಂದಲಿಲ್ಲವೆಂದು ಇದರಿಂದ ತಿಳಿಯಬೇಕು. ಅದೇ ಮೂಲದಿಂದ ಕಟ್ಟಿದ ಮಾಡ್ಯೂಲ್‌ಗಳ ವಿಭಾಗವನ್ನು ಬರೆದರೆ ಕಣ್ಣು, ಕಿವಿ, ಚರ್ಮಗಳು ಮರಳುತ್ತವೆ.

ಇವೆಲ್ಲದರ ನಡುವೆ ಒಂದು ಬಲೆಯುಂಟು. ಕೆಲವೊಮ್ಮೆ ಫೋನು ರಿಕವರಿ ಪರದೆಗೆ ಬಂದು, ಆಂಡ್ರಾಯ್ಡ್ ವ್ಯವಸ್ಥೆಯನ್ನು ತೆರೆಯಲಾಗಲಿಲ್ಲ, ನಿಮ್ಮ ದತ್ತಾಂಶ ಕೆಟ್ಟಿರಬಹುದು ಎಂಬ ಅರ್ಥದ ಇಂಗ್ಲಿಷ್ ಮಾತನ್ನು ತೋರಿಸಿ ಎರಡು ಆಯ್ಕೆಗಳನ್ನು ಮುಂದಿಡುತ್ತದೆ: ಮತ್ತೆ ಪ್ರಯತ್ನಿಸುವುದು ಅಥವಾ ಸರ್ವವನ್ನೂ ಅಳಿಸುವುದು. ಗಾಬರಿಗೊಂಡವನ ಬೆರಳು ಎರಡನೆಯದರ ಕಡೆಗೆ ಹೋಗುತ್ತದೆ. ಆದರೆ ದತ್ತಾಂಶವು ಕೆಟ್ಟೇ ಇರಲಿಕ್ಕಿಲ್ಲ. ಗೂಢಲಿಪಿಯ ಕೀಲಿಗಳು ಬೂಟ್ ಇಮೇಜಿನ ಸುರಕ್ಷಾ ಪರಿಷ್ಕರಣದ ದಿನಾಂಕಕ್ಕೂ ಹೆಣೆದುಕೊಂಡಿರುತ್ತವೆ. ಹಿಂದಿನ ತಿಂಗಳ ದಿನಾಂಕವುಳ್ಳ ಇಮೇಜನ್ನು ಕೂರಿಸಿದರೆ ಕೀಲಿ ತೆರೆಯಲು ನಿರಾಕರಿಸಬಹುದು. ಅಂದರೆ ಪೆಟ್ಟಿಗೆಯೊಳಗಿನ ಒಡವೆ ಸುರಕ್ಷಿತವಾಗಿದೆ, ಬೀಗದಕೈ ಮಾತ್ರ ತಪ್ಪಾಗಿದೆ. ಅದೇ ಬಿಲ್ಡ್ ಸಂಖ್ಯೆಯ ಮೂಲ ಇಮೇಜನ್ನು ಮರಳಿಸಿದರೆ ಪೆಟ್ಟಿಗೆ ಮತ್ತೆ ತೆರೆಯುವ ಸಂಭವವಿದೆ. ಅಳಿಸಿದ ಮೇಲೆ ಆ ಸಂಭವವೂ ಇಲ್ಲ. ಆದ್ದರಿಂದ ಅಳಿಸುವುದು ಕಟ್ಟಕಡೆಯ ಉಪಾಯವೆಂದು ತಿಳಿಯಬೇಕು.

ಇನ್ನೊಂದು ಅಪಾಯವೆಂದರೆ ಬೀಗವನ್ನು ಅವಸರದಿಂದ ಮತ್ತೆ ಹಾಕುವುದು. ತಿದ್ದಿದ ಇಮೇಜ್ ಒಳಗಿರುವಾಗಲೇ ಬೀಗ ಹಾಕಿದರೆ ಬೂಟ್‌ಲೋಡರ್ ಕೆಂಪು ಎಚ್ಚರಿಕೆಯನ್ನು ತೋರಿಸಿ ನಿಲ್ಲುತ್ತದೆ. ಅನ್‌ಲಾಕಿಂಗಿನ ಅನುಮತಿಯನ್ನು ಕೂಡ ಹಿಂತೆಗೆದುಕೊಂಡಿದ್ದರೆ ಮತ್ತೆ ತೆರೆಯುವ ದಾರಿ ಇರದು. ಎಲ್ಲ ವಿಭಾಗಗಳೂ ಮೂಲಸ್ಥಿತಿಗೆ ಬಂದು, ಫೋನು ಒಮ್ಮೆ ಚೆನ್ನಾಗಿ ಎದ್ದುದನ್ನು ನೋಡಿದ ಹೊರತು ಬೀಗವನ್ನು ಮುಟ್ಟಬಾರದು.

೨೦೨೨ನೆಯ ವರ್ಷದ ಪಾಠ

ಮರಳುವ ಹಾದಿ ಇದೆಯೆಂದು ನಂಬಿದರೆ ಸಾಲದು, ಅದು ಇಂದೂ ಗಟ್ಟಿಯಾಗಿದೆಯೇ ಎಂದು ನೋಡುತ್ತಿರಬೇಕು ಎಂಬುದಕ್ಕೆ ೨೦೨೨ರ ಆಗಸ್ಟಿನ ಸಂಗತಿಯೊಂದು ಒಳ್ಳೆಯ ದೃಷ್ಟಾಂತ.

೨೦೧೬ರಲ್ಲಿ ಬಂದ ಆಂಡ್ರಾಯ್ಡ್ ೭ರಿಂದ ಅನೇಕ ಫೋನುಗಳಲ್ಲಿ ಮುಖ್ಯ ವಿಭಾಗಗಳು ಎರಡೆರಡು ಪ್ರತಿಗಳಲ್ಲಿರುತ್ತವೆ. ಇವುಗಳಿಗೆ ಎ ಸ್ಲಾಟ್, ಬಿ ಸ್ಲಾಟ್ ಎಂದು ಹೆಸರು. ಒಂದರಲ್ಲಿ ಫೋನು ನಡೆಯುತ್ತಿರುವಾಗ ಹೊಸ ಪರಿಷ್ಕರಣವನ್ನು ಇನ್ನೊಂದರಲ್ಲಿ ಬರೆಯಲಾಗುತ್ತದೆ. ಹೊಸದು ಏಳದಿದ್ದರೆ, ಕೆಲವು ಪ್ರಯತ್ನಗಳ ಬಳಿಕ, ಫೋನು ತಾನಾಗಿಯೇ ಹಳೆಯದಕ್ಕೆ ಹೊರಳುತ್ತದೆ. ಮರಳುವ ಹಾದಿಯನ್ನು ಯಂತ್ರದೊಳಗೇ ಕಟ್ಟಿಟ್ಟ ಸೊಗಸಾದ ಏರ್ಪಾಡಿದು.

ಆ ಆಗಸ್ಟಿನಲ್ಲಿ ಪಿಕ್ಸೆಲ್ ೬, ೬ ಪ್ರೊ ಮತ್ತು ೬ಎ ಫೋನುಗಳಿಗೆ ಆಂಡ್ರಾಯ್ಡ್ ೧೩ ಬಂದಿತು. ಅದರೊಡನೆ ಬಂದ ಬೂಟ್‌ಲೋಡರ್ ಹಿಮ್ಮರಳುವಿಕೆಯನ್ನು ತಡೆಯುವ ಸಂಖ್ಯೆಯೊಂದನ್ನು ಏರಿಸಿತು. ಹಳೆಯ ಬೂಟ್‌ಲೋಡರಿನಲ್ಲಿದ್ದ ರಕ್ಷಣಾದೋಷವನ್ನು ಯಾರೂ ದುರುಪಯೋಗಪಡಿಸಿಕೊಳ್ಳದಿರಲೆಂದು ಚಿಪ್ಪು ಅಂದಿನಿಂದ ಹಳೆಯ ಸಂಖ್ಯೆಯ ಬೂಟ್‌ಲೋಡರನ್ನು ಒಪ್ಪದಾಯಿತು. ಆದರೆ ಪರಿಷ್ಕರಣವು ಒಂದು ಸ್ಲಾಟಿಗೆ ಮಾತ್ರ ಬರೆದಿತ್ತು. ಇನ್ನೊಂದರಲ್ಲಿ ಹಳೆಯ ಬೂಟ್‌ಲೋಡರೇ ಉಳಿದಿತ್ತು. ಈ ಸ್ಥಿತಿಯಲ್ಲಿ ಯಾರಾದರೂ ತಪ್ಪು ಇಮೇಜನ್ನು ಕೂರಿಸಿ, ಅದು ಏಳದೆ, ಫೋನು ವಾಡಿಕೆಯಂತೆ ಇನ್ನೊಂದು ಸ್ಲಾಟಿಗೆ ಹೊರಳಿದರೆ, ಅಲ್ಲಿಯ ಬೂಟ್‌ಲೋಡರನ್ನು ಚಿಪ್ಪು ನಿರಾಕರಿಸಿ ಫೋನು ಏಳಲಾರದ ಸ್ಥಿತಿಗೆ ಬೀಳುತ್ತಿತ್ತು. ಕಾಪಾಡಬೇಕಾದ ಹಾದಿಯೇ ಕಂದಕವಾಗಿತ್ತು. ಗೂಗಲ್ ಈ ವಿಷಯದಲ್ಲಿ ಎಚ್ಚರಿಕೆಯನ್ನು ಪ್ರಕಟಿಸಿ, ಹೊಸ ಬೂಟ್‌ಲೋಡರನ್ನು ಎರಡನೆಯ ಸ್ಲಾಟಿಗೂ ಬರೆಯುವಂತೆ ಸೂಚಿಸಿತು. ಅದನ್ನೋದಿ ಮೊದಲು ಎರಡೂ ಕಡೆ ಬರೆದವರಿಗೆ ಅಪಾಯವಿರಲಿಲ್ಲ. ಹಳೆಯ ಅಭ್ಯಾಸವನ್ನೇ ನೆಚ್ಚಿದವರಿಗೆ ಅವರ ಅನುಭವವೇ ಮುಳುವಾಗುವಂತಿತ್ತು.

ಉಪಸಂಹಾರ

ಇಷ್ಟನ್ನೂ ಓದಿದ ಮೇಲೆ ಇದು ಮಕ್ಕಳ ಕೈಗೆ ಕೊಡಬಹುದಾದ ಕೆಲಸವೇ ಎಂಬ ಶಂಕೆ ಬಂದರೆ ಆಶ್ಚರ್ಯವಿಲ್ಲ. ಬದಿಗಿರಿಸಿದ ಫೋನೊಂದು, ಅದಕ್ಕೆ ಮೂಲ ಕಡತಗಳು ದೊರೆಯುತ್ತವೆಂಬ ನಿಶ್ಚಯ, ಒಳ್ಳೆಯ ಕೇಬಲ್ ಒಂದು, ಬಲ್ಲವರೊಬ್ಬರ ಸಮ್ಮುಖ, ಕೊಟ್ಟ ಪ್ರತಿಯೊಂದು ಆಜ್ಞೆಯನ್ನೂ ಅದರ ಫಲವನ್ನೂ ಬರೆದಿಡುವ ಒಂದು ಟಿಪ್ಪಣಿ ಪುಸ್ತಕ, ಇಷ್ಟಿದ್ದರೆ ಮೇಲಿನ ತರಗತಿಯ ವಿದ್ಯಾರ್ಥಿಗಳು ಇದನ್ನು ನಿರಾತಂಕವಾಗಿ ಕಲಿಯಬಹುದು. ಹಳೆಯ ಫೋನನ್ನು ಶಾಲೆಗೆ ಕೊಡಬಯಸುವವರು ಮುಂಚೆ ತಮ್ಮ ಚಿತ್ರ, ಪತ್ರಗಳನ್ನು ತೆಗೆದಿರಿಸಿಕೊಂಡು, ತಮ್ಮ ಖಾತೆಗಳನ್ನು ಅದರಿಂದ ಬಿಡಿಸಿಕೊಟ್ಟರೆ ಪಡೆದವರಿಗೆ ಉಪಕಾರವಾಗುತ್ತದೆ. ಹಿಂದಿನ ಮಾಲೀಕರ ಖಾತೆ ಉಳಿದ ಫೋನನ್ನು ಅಳಿಸಿದ ಬಳಿಕ ಅವರ ಗುಪ್ತಪದವಿಲ್ಲದೆ ಬಳಕೆಗೆ ತರಲಾಗದು.

ಏಳದೆ ನಿಂತ ಫೋನಿನ ಮುಂದೆ ಕುಳಿತ ವಿದ್ಯಾರ್ಥಿಯು ಕಲಿಯುವುದು ಫೋನಿನ ವಿಷಯವೊಂದನ್ನೇ ಅಲ್ಲ. ಕೆಟ್ಟುದನ್ನು ಕಂಡೊಡನೆ ಅಳಿಸಿಬಿಡುವ ಆತುರವನ್ನು ತಡೆಯುವುದು, ಎಲ್ಲಿಯವರೆಗೆ ಸರಿಯಾಗಿ ನಡೆಯಿತೆಂದು ಕೇಳುವುದು, ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದು, ಹಿಂದಿರುಗುವ ದಾರಿಯನ್ನು ಕಟ್ಟಿಕೊಂಡೇ ಹೊರಡುವುದು, ಇವು ಆತನಿಗೆ ಅಭ್ಯಾಸವಾಗುತ್ತವೆ. ಫೋನುಗಳ ಹೆಸರುಗಳೂ ಆಜ್ಞೆಗಳೂ ಕೆಲವೇ ವರ್ಷಗಳಲ್ಲಿ ಬದಲಾಗುವುವು. ಈ ಅಭ್ಯಾಸವು ಆತನೊಡನೆ ಉಳಿಯುವುದು.